ಹಳೇ ಹಾಲಿವುಡ್ ನೋಡ್ಬೇಕಾ? ಒಬ್ಬ ಪೋಷಕ ನಟನ್ನ ಹಿಡ್ಕೊಳ್ಳಿ

ಮುಂಬೈಲಿರೋ ನಮ್ಮ ಕನ್ನಡದೋರು ಹಳೇ ಇಂಗ್ಲಿಷ್ ಸಿನಿಮಾ ಎಲ್ಲಿಂದ ಶುರು ಮಾಡ್ಲಿ ಅಂತ ಕೇಳ್ತಿರ್ತಾರೆ. ಹೀರೋ ಹಿಂದೆ ಹೋಗ್ಬೇಡಿ, ಒಬ್ಬ ಪೋಷಕ ನಟನ ಒಂದು ವರ್ಷದ ಕೆಲಸ ಪೂರ್ತಿ ನೋಡಿ. ಅಶ್ವತ್ಥ್ ಅವ್ರು ಎಷ್ಟು ಸಲ ಅಪ್ಪ ಆದ್ರೂ ನಮಗೆ ಬೇಜಾರಾಗ್ಲಿಲ್ವಲ್ಲ, ಆ ಕಣ್ಣಲ್ಲೇ ನೋಡೋದು.

ಥಾಮಸ್ ಮಿಚೆಲ್ ತಗೊಳ್ಳಿ. 1939ರಲ್ಲೇ ಐದು ದೊಡ್ಡ ಸಿನಿಮಾ. ಮೊದ್ಲು ಸ್ಟೇಜ್‌ಕೋಚ್. ಕುಡುಕ ಡಾಕ್ಟ್ರು, ಗಾಡೀಲಿ ಪಕ್ಕ ಕೂತಿರೋ ವಿಸ್ಕಿ ವ್ಯಾಪಾರಿಯ ಸ್ಯಾಂಪಲ್ ಬ್ಯಾಗನ್ನ ಎಷ್ಟು ಪ್ರೀತಿಯಿಂದ ನೋಡ್ಕೊಳ್ತಾರೆ ನೋಡಿ, ಆಮೇಲೆ ಹೆರಿಗೆ ಮಾಡಿಸ್ಬೇಕು ಅಂದಾಗ ಕಾಫಿ ಮೇಲೆ ಕಾಫಿ ಕುಡಿದು ನಶೆ ಇಳಿಸ್ಕೊಂಡು ಎದ್ದು ನಿಲ್ತಾರೆ, ಅದಕ್ಕೇ ಆಸ್ಕರ್ ಬಂತು. ಅದಾದ್ಮೇಲೆ ಮಿಸ್ಟರ್ ಸ್ಮಿತ್ ಗೋಸ್ ಟು ವಾಷಿಂಗ್ಟನ್ ಹಾಕಿ, ಅಲ್ಲೂ ಕುಡಿಯೋ ಪಾತ್ರನೇ, ಪತ್ರಕರ್ತ, ಆದ್ರೆ ಆ ಡಾಕ್ಟ್ರ ನೆರಳೂ ಇಲ್ಲ. ಗಾನ್ ವಿತ್ ದ ವಿಂಡ್‌ನಲ್ಲಿ ನಾಯಕಿಯ ಅಪ್ಪ. ಹೆಂಡ್ತಿ ಸತ್ತು ಬುದ್ಧಿ ಕೆಟ್ಟಿದೆ, ಬೆಲೆನೇ ಇಲ್ದಿರೋ ಬಾಂಡ್ ಪೇಪರ್ ಮಗಳಿಗೆ ತೋರಿಸ್ತಾರೆ, ದುಡ್ಡಿಗೆ ಏನ್ಮಾಡೋದು ಅಂದ್ರೆ ನಿಮ್ಮಮ್ಮನ್ನ ಕೇಳೋಣ ಅಂತಾರೆ. ನಂಗೆ ಐದರಲ್ಲಿ ಇದೇ ದೊಡ್ಡದು. ಉಳಿದೆರಡು, ಓನ್ಲಿ ಏಂಜಲ್ಸ್ ಹ್ಯಾವ್ ವಿಂಗ್ಸ್‌ನ ಕಣ್ಣು ಮಂಜಾದ ಪೈಲಟ್, ದ ಹಂಚ್‌ಬ್ಯಾಕ್ ಆಫ್ ನೋಟ್ರ್ ಡೇಮ್‌ನ ಭಿಕ್ಷುಕರ ರಾಜ, ನಿಧಾನಕ್ಕೆ ನೋಡಿ.

ವಿರಾರ್ ಲೋಕಲ್‌ನಲ್ಲಿ ನಿಂತ್ಕೊಂಡು ಫೋನಲ್ಲಿ ಮಾತ್ರ ಬೇಡ, ಇವರೆಲ್ಲ ಫ್ರೇಮಿನ ಮೂಲೇಲಿ ಇರ್ತಾರೆ, ಮುಖನೇ ಕಾಣಲ್ಲ. ಮನೇಲಿ ಟೀವಿಗೆ ಹಾಕಿ, ಒಂದ್ಸಲ ಕಥೆಗೋಸ್ಕರ, ಇನ್ನೊಂದ್ಸಲ ಇಷ್ಟವಾದ ಸೀನನ್ನ ಸೌಂಡ್ ಆಫ್ ಮಾಡಿ. ಹೀರೋ ಮಾತಾಡ್ವಾಗ ಇವ್ರು ಹೇಗೆ ಕೇಳಿಸ್ಕೊಳ್ತಾರೆ, ಕೈ ಎಲ್ಲಿಟ್ಕೊಳ್ತಾರೆ, ಅಷ್ಟು ಬರ್ಕೊಳ್ಳಿ ಸಾಕು.

ಪೋಷಕ ನಟರಿಗೆ ಆಸ್ಕರ್ ಶುರುವಾಗಿದ್ದೇ 1936ರ ಸಿನಿಮಾಗಳಿಂದ, ಮೊದಮೊದ್ಲು ಅವ್ರಿಗೆ ಪ್ರತಿಮೆ ಕೂಡ ಇಲ್ಲ, ಬರೀ ಫಲಕ. ಗಾನ್ ವಿತ್ ದ ವಿಂಡ್‌ನಲ್ಲಿ ಮನೆಕೆಲಸದಾಕೆ ಆಗಿದ್ದ ಹ್ಯಾಟಿ ಮ್ಯಾಕ್‌ಡೇನಿಯಲ್ ಆಸ್ಕರ್ ಗೆದ್ದ ಮೊದಲ ಕಪ್ಪು ಕಲಾವಿದೆ, ಆದ್ರೆ 1940ರ ಆ ಸಮಾರಂಭದಲ್ಲಿ ಅವ್ರನ್ನ ಕೂರಿಸಿದ್ದು ಬೇರೆ ಟೇಬಲ್ಲಿಗೆ. ಓದ್ದಾಗಲೆಲ್ಲ ಹೊಟ್ಟೆ ಉರಿಯುತ್ತೆ. ಮಿಚೆಲ್ ಮುಗಿದ್ಮೇಲೆ ಹ್ಯಾಟಿ ಅವ್ರ ಸಿನಿಮಾಗಳನ್ನ ಹಿಡೀರಿ, ಆಮೇಲೆ ಆರು ಸಲ ನಾಮಿನೇಟ್ ಆಗಿ ಒಂದೂ ಗೆಲ್ಲದ ಪೋಷಕ ನಟಿ ಥೆಲ್ಮಾ ರಿಟ್ಟರ್.