ಹಳೆ ಅರದಿಂದ ಚಾಕು: ಅದ್ದುವ ಆ ಒಂದು ಕ್ಷಣ

ಹಳೆ ಅರದಿಂದ ಚಾಕು ಮಾಡಲು ಹೋದವರೆಲ್ಲ ಕೆಡಿಸಿಕೊಳ್ಳುವುದು ಒಂದೇ ಜಾಗದಲ್ಲಿ, ಕಾದ ಉಕ್ಕನ್ನು ತಣಿಸುವಾಗ. ನನ್ನ ಮೊದಲ ಚಾಕುವನ್ನು ಸುಮ್ನೆ ಬಕೆಟ್ ನೀರಿಗೆ ಅದ್ದಿದ್ದೆ. ‘ಟಿಣ್’ ಅಂತ ಸದ್ದು ಬಂತು. ಅಲಗಿನಲ್ಲಿ ಕೂದಲೆಳೆಯಷ್ಟು ಬಿರುಕು, ಮೂರು ದಿನದ ಕೆಲಸ ಹೋಯ್ತು.

ಮೊದಲು ಅರವನ್ನು ಕೆಂಪಗೆ ಕಾಯಿಸಿ, ಬೂದಿಯಲ್ಲಿ ಹೂತು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಗರಗಸಕ್ಕೂ ಬಗ್ಗುತ್ತದೆ. ಆಕಾರ ಕೊಡಿ, ಹಿಡಿಗೆ ತೂತು ಕೊರೆಯಿರಿ, ಅಂಚು 1 ಮಿ.ಮೀ. ದಪ್ಪ ಇರಲಿ. ಕೆಲವು ಅಗ್ಗದ ಅರಗಳು ಮೇಲ್ಪದರದಲ್ಲಷ್ಟೇ ಗಟ್ಟಿ, ಅವು ಬೇಡ. ಮನೆ ಕಟ್ಟುವ ಕಂಬಿಯಂತೂ ಬೇಡವೇ ಬೇಡ, ಅದರಲ್ಲಿ ಕಾರ್ಬನ್ ಸಾಲದು.

ಈಗ ಕುಲುಮೆ. ಸಂಜೆ ಹೊತ್ತಲ್ಲೇ ಮಾಡಿ, ಬಿಸಿಲಲ್ಲಿ ಬಣ್ಣ ತಿಳಿಯುವುದಿಲ್ಲ. ಆಗಾಗ ತೆಗೆದು ಮ್ಯಾಗ್ನೆಟ್ ತಾಗಿಸಿ. 727 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಒಳಗಿನ ಪರಮಾಣುಗಳ ಜೋಡಣೆಯೇ ಬದಲಾಗಿ ಮ್ಯಾಗ್ನೆಟ್ ಹಿಡಿಯುವುದು ಬಿಡುತ್ತದೆ. ಅದಕ್ಕಿಂತ ತುಸು ಮೇಲೆ ಸಾಕು. ಆ ಬಿಸಿಯಲ್ಲಿ ಕಬ್ಬಿಣವು ಕಾರ್ಬನ್‌ಗೆ ಒಳಗೆ ಜಾಗ ಕೊಟ್ಟಿರುತ್ತದೆ. ನಿಧಾನವಾಗಿ ಆರಿಸಿದರೆ ಕಾರ್ಬನ್ ತನ್ನ ಪಾಡಿಗೆ ಹೊರಬರುತ್ತದೆ, ಉಕ್ಕು ಮೆತ್ತಗಾಗುತ್ತದೆ (ಬೂದಿಯಲ್ಲಿ ಆಗಿದ್ದು ಇದೇ ಅಲ್ವಾ). ದಿಢೀರನೆ ತಣಿಸಿದರೆ ಹೊರಬರಲು ಅದಕ್ಕೆ ಪುರುಸೊತ್ತೇ ಸಿಗುವುದಿಲ್ಲ, ಕಬ್ಬಿಣ ಅದನ್ನು ಒಳಗೇ ಸಿಕ್ಕಿಸಿಕೊಂಡು ಸೆಟೆದು ನಿಲ್ಲುತ್ತದೆ. ಜರ್ಮನಿಯ ಲೋಹವಿಜ್ಞಾನಿ ಆಡಾಲ್ಫ್ ಮಾರ್ಟೆನ್ಸ್ ಹೆಸರಿನಲ್ಲಿ ಈ ಗಟ್ಟಿ ರೂಪಕ್ಕೆ ಮಾರ್ಟೆನ್‌ಸೈಟ್ ಅನ್ನುತ್ತಾರೆ. ನಿಧಾನಕ್ಕೆ ಆರಲು ಬಿಟ್ಟರೆ ಇದು ಹುಟ್ಟುವುದೇ ಇಲ್ಲ. 550 ಡಿಗ್ರಿಯ ಆಸುಪಾಸನ್ನು ಉಕ್ಕು ಒಂದೆರಡು ಸೆಕೆಂಡಿನೊಳಗೆ ದಾಟಿಬಿಡಬೇಕು, ಹಾಗಾಗಿ ಅದ್ದುವ ಎಣ್ಣೆ ಡಬ್ಬಿ (ನೀರು ಬೇಡ, ನನ್ನ ಮೊದಲ ಚಾಕು ಬಿರುಕು ಬಿಟ್ಟಿದ್ದು ಅದರಲ್ಲೇ) ಕುಲುಮೆಯ ಮಗ್ಗುಲಲ್ಲೇ ಇರಲಿ.

ಸೂರ್ಯಕಾಂತಿ ಎಣ್ಣೆಯೇ ಸಾಕು, ಆದರೆ 50–60 ಡಿಗ್ರಿಗೆ ಬಿಸಿ ಮಾಡಿಕೊಳ್ಳಿ. ತಣ್ಣಗಿದ್ದರೆ ಎಣ್ಣೆ ಮಂದವಾಗಿ ಶಾಖ ಬೇಗ ಎಳೆಯುವುದಿಲ್ಲ. ಗ್ಯಾರೇಜಿನ ಹಳೆ ಎಂಜಿನ್ ಆಯಿಲ್ ಪುಕ್ಕಟೆ ಸಿಗುತ್ತೆ ಅಂತ ತರಬೇಡಿ, ಅದರ ಹೊಗೆ ಕುಡಿಯುವವರು ನೀವೇ. ಡಬ್ಬಿ ಕಬ್ಬಿಣದ್ದಾಗಿರಲಿ, ಬೆಂಕಿ ಹತ್ತಿದರೆ ಮುಚ್ಚಲು ಮುಚ್ಚಳ ಕೈಗೆಟುಕಲಿ. ತುದಿ ಕೆಳಗಾಗಿ ನೇರ ಇಳಿಸಿ, ಈರುಳ್ಳಿ ಹೆಚ್ಚುವ ಹಾಗೆ ಅಂಚಿನ ದಿಕ್ಕಿಗೇ ಆಡಿಸಿ. ಅಡ್ಡಡ್ಡ ಆಡಿಸಿದರೆ ಸೊಟ್ಟಗಾಗುತ್ತದೆ.

ಇನ್ನೊಂದು ಅರ ಉಜ್ಜಿದಾಗ ಹತ್ತದೆ ಜಾರಿದರೆ ಗೆದ್ದಿರಿ. ಫೋಟೊ ಮಾತ್ರ ಆಮೇಲೆ ತೆಗೆದುಕೊಳ್ಳಿ. ಈಗ ಅಲಗು ಗಾಜಿನ ಹಾಗೆ, ನೆಲಕ್ಕೆ ಬಿದ್ದರೆ ಎರಡು ತುಂಡು. ಕೈಗೆ ತಾಳುವಷ್ಟು ಆರಿದ ಕೂಡಲೇ ಎಣ್ಣೆ ಒರೆಸಿ, ಹೊಳೆಯುವ ಹಾಗೆ ಉಜ್ಜಿ, ಓವನ್‌ನಲ್ಲಿ 200 ಡಿಗ್ರಿಗೆ 2 ಗಂಟೆ ಇಡಿ. ತಿಳಿಯಾದ ಒಣಹುಲ್ಲಿನ ಬಣ್ಣ ಬರಬೇಕು. ನೀಲಿಗೆ ತಿರುಗಿದರೆ ಬಿಸಿ ಜಾಸ್ತಿಯಾಗಿದೆ, ಮತ್ತೆ ಕುಲುಮೆ ಹಚ್ಚಿ.