ಸಾಲ್ಮನ್ ಹಿಡಿಯಲು ಎಷ್ಟು ತೂಕದ ಗುಂಡು?

ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿ ಸೂಕ್ ಎಂಬ ಊರಿದೆ. ಅದರ ಎದುರಿನ ಹ್ವಾನ್ ಡಿ ಫ್ಯೂಕಾ ಜಲಸಂಧಿ ಚಿನೂಕ್ ಸಾಲ್ಮನ್ ಮೀನುಗಳು ಹುಟ್ಟಿದ ನದಿಗೆ ಮರಳುವ ದಾರಿ. ಬೇಸಿಗೆಯಲ್ಲಿ ಬೆಳಕು ಹರಿಯುವ ಮೊದಲೇ ಅಲ್ಲಿ ದೋಣಿಗಳು ಸೇರುತ್ತವೆ. ಹೊಸದಾಗಿ ದೋಣಿ ಕೊಂಡ ಕನ್ನಡದ ಗೆಳೆಯರು ಆಗಾಗ ನನ್ನನ್ನೂ ಕರೆದೊಯ್ಯುತ್ತಾರೆ. ಗಾಳವನ್ನು ಆಳಕ್ಕೆ ಒಯ್ಯಲು ಭಾರದ ಗುಂಡನ್ನು ತಂತಿಯಲ್ಲಿ ಇಳಿಸುತ್ತಾರೆ; ಎಷ್ಟು ತಂತಿ ಬಿಟ್ಟಿದ್ದೇವೆ ಎಂದು ರಾಟೆಯ ಮೀಟರ್ ತೋರಿಸುತ್ತದೆ. ಪ್ರತಿ ಸಲವೂ ಅದೇ ಮಾತು: ‘ಮೀಟರ್ 120 ಅಡಿ ತೋರಿಸುತ್ತಿದೆ, ಮೀನೂ 120 ಅಡಿಯಲ್ಲೇ ಇದೆ, ಮತ್ತೇಕೆ ಕಚ್ಚುತ್ತಿಲ್ಲ?’ ಬಗ್ಗಿ ನೋಡಿದರೆ ತಂತಿ ಗಾಳಿಪಟದ ದಾರದಂತೆ ಓರೆಯಾಗಿ ಹಿಂದಕ್ಕೆ ಹೋಗಿರುತ್ತದೆ. ತುದಿಯಲ್ಲಿ ಇರುವುದು 8 ಪೌಂಡಿನ ಗುಂಡು.

ಡೌನ್‌ರಿಗ್ಗರ್ ಎಂದರೆ ಭಾರವಾದ ಗುಂಡನ್ನು ಆಳಕ್ಕೆ ಇಳಿಸುವ ರಾಟೆ. ಗಾಳದ ದಾರವನ್ನು ಗುಂಡಿನ ಬಳಿಯ ಕ್ಲಿಪ್ಪಿಗೆ ಸಿಕ್ಕಿಸುತ್ತೇವೆ. ಮೀನು ಕಚ್ಚಿ ಎಳೆದೊಡನೆ ದಾರ ಕ್ಲಿಪ್ಪಿನಿಂದ ಕಳಚಿಕೊಳ್ಳುತ್ತದೆ. ಆಮೇಲೆ ನಿಮಗೂ ಮೀನಿಗೂ ನಡುವೆ ಗುಂಡಿನ ಭಾರ ಇರುವುದಿಲ್ಲ.

1. ರಾಟೆ. 12 ಪೌಂಡಿಗಿಂತ ಭಾರವಾದ ಗುಂಡಿಗೆ ವಿದ್ಯುತ್ ರಾಟೆಯನ್ನೇ ಕೊಳ್ಳಿ. 150 ಅಡಿಯಿಂದ ದಿನಕ್ಕೆ ಹತ್ತು ಸಲ ಕೈಯಿಂದ ತಿರುಗಿಸಿ ಮೇಲೆತ್ತಿದರೆ ಭುಜ ಉಳಿಯುವುದಿಲ್ಲ. ಕೂರಿಸುವಾಗ ದೋಣಿಯ ಅಂಚಿನ ಅಡಿಗೂ ಲೋಹದ ಪಟ್ಟಿ ಕೊಟ್ಟು ಬೋಲ್ಟ್ ಬಿಗಿಯಿರಿ.

2. ತಂತಿ. ಸಪೂರವಾದಷ್ಟೂ ಒಳ್ಳೆಯದು. ತಂತಿ 0.7 ಮಿ.ಮೀ. ದಪ್ಪವಿದೆ ಎಂದುಕೊಳ್ಳಿ. 100 ಅಡಿ ಇಳಿಸಿದಾಗ ಅದು ನೀರಿಗೆ ಒಡ್ಡುವ ಮೈ, 15 ಪೌಂಡಿನ ಸೀಸದ ಗುಂಡು ಒಡ್ಡುವ ಮೈಗಿಂತ ಎರಡು ಪಟ್ಟಿಗೂ ಹೆಚ್ಚು! ಹಾಗಾಗಿ ಮೀನಿನಾಕಾರದ, ರೆಕ್ಕೆಯಿರುವ ದುಬಾರಿ ಗುಂಡುಗಳಿಗೆ ನಾನು ಹಣ ಹಾಕುವುದಿಲ್ಲ. ತಂತಿಯ ಬದಲು ಹೆಣೆದ ದಾರ ಬಳಸುವುದಾದರೆ ಬೆರಳಲ್ಲಿ ಸವರುತ್ತಾ ಪರೀಕ್ಷಿಸಿ, ಸವೆದ ತುದಿಯನ್ನು ಕತ್ತರಿಸಿ ಹಾಕಿ.

3. ತೂಕ. ಎಲ್ಲರೂ ಎಡವುವುದು ಇಲ್ಲೇ. ನೀರಿನ ಎಳೆತ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. (ನಾಟ್ ಎಂದರೆ ಗಂಟೆಗೆ ಸುಮಾರು 1.85 ಕಿ.ಮೀ.) 2 ನಾಟ್‌ನಿಂದ 3 ನಾಟ್‌ಗೆ ಹೋದರೆ ಎಳೆತ ಒಂದೂವರೆ ಪಟ್ಟಲ್ಲ, ಎರಡೂಕಾಲು ಪಟ್ಟು. ತಂತಿ ನೆಟ್ಟಗಿನಿಂದ 30 ಡಿಗ್ರಿ ಓರೆಯಾದರೆ 100 ಅಡಿ ಬಿಟ್ಟ ಗುಂಡು ಸುಮಾರು 87 ಅಡಿಯಲ್ಲಿರುತ್ತದೆ. 45 ಡಿಗ್ರಿಯಾದರೆ ಸುಮಾರು 71 ಅಡಿಯಲ್ಲಿ. ತಂತಿ ಬಾಗುವುದರಿಂದ, ಕೆಳಗೆ ಹೋದಂತೆ ಓರೆ ಕಡಿಮೆಯಾಗುತ್ತದೆ. ಗುಂಡು ಈ ಲೆಕ್ಕಕ್ಕಿಂತ ಸ್ವಲ್ಪ ಕೆಳಗೇ ಇರುತ್ತದೆ. ಆದರೂ ತಳಕ್ಕೆ ಹತ್ತಿರ ಸುಳಿದಾಡುವ ಚಿನೂಕ್‌ಗೆ ನಿಮ್ಮ ಗಾಳ ಕಾಣುವುದೇ ಇಲ್ಲ.

ನನ್ನ ಸಲಹೆ: ಸೆಳೆತವಿಲ್ಲದ ಒಳಕೊಲ್ಲಿಯಲ್ಲಿ, 60 ಅಡಿಯೊಳಗೆ, 10 ಪೌಂಡ್ ಸಾಕು. ಹ್ವಾನ್ ಡಿ ಫ್ಯೂಕಾದಂಥ ತೆರೆದ ಜಲಸಂಧಿಗೆ 15ಕ್ಕಿಂತ ಕಡಿಮೆ ಬೇಡವೇ ಬೇಡ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ಬಿರುಸಾದ ಉಬ್ಬರವಿಳಿತದಲ್ಲಿ ಅಥವಾ 150 ಅಡಿ ಮೀರಿದರೆ 18ರಿಂದ 20. ನಿಮ್ಮ ರಾಟೆ ಅಷ್ಟು ಭಾರ ತಡೆಯುತ್ತದೆಯೇ ಎಂದು ಮೊದಲು ನೋಡಿ. ದೋಣಿಯ ಎರಡೂ ಬದಿಯ ಗುಂಡುಗಳಿಗೆ ಒಂದೇ ತೂಕ, ಒಂದೇ ಆಕಾರ ಇರಲಿ. ಇಲ್ಲದಿದ್ದರೆ ಓರೆ ಬೇರೆಯಾಗಿ, ತಿರುವಿನಲ್ಲಿ ದಾರಗಳು ಹೆಣೆದುಕೊಳ್ಳುತ್ತವೆ.

ಹಣ ಉಳಿಸಲು ಕಬ್ಬಿಣದ ಗುಂಡು ತರುವವರಿದ್ದಾರೆ. ಅದೇ ತೂಕಕ್ಕೆ ಕಬ್ಬಿಣದ ಗಾತ್ರ ಸೀಸದ ಸುಮಾರು ಒಂದೂವರೆ ಪಟ್ಟು. ನೀರಿನಲ್ಲಿ 15 ಪೌಂಡಿನ ಸೀಸ ಕಳೆದುಕೊಳ್ಳುವುದು ಸುಮಾರು 1.3 ಪೌಂಡ್, ಕಬ್ಬಿಣ ಸುಮಾರು 2 ಪೌಂಡ್. ಸೀಸವನ್ನೇ ಕೊಳ್ಳಿ, ಆದರೆ ಪ್ಲಾಸ್ಟಿಕ್ ಹೊದಿಕೆ ಇರುವುದನ್ನು. ಸೀಸ ವಿಷ. ಬರಿಗುಂಡನ್ನು ಮುಟ್ಟಿದ ಕೈಯಲ್ಲೇ ಮಕ್ಕಳು ಚಿಪ್ಸ್ ತಿನ್ನುವುದನ್ನು ನೋಡಿ ನಾನು ಕೂಗಿಕೊಂಡಿದ್ದೇನೆ.

4. ಅಳೆದು ನೋಡುವುದು. ಮರಳು ಅಥವಾ ಕೆಸರಿನ ತಳವಿರುವ ಕಡೆ, ಆಳಮಾಪಕ 100 ಅಡಿ ತೋರಿಸುವಾಗ, ಮೀನು ಹಿಡಿಯುವ ವೇಗದಲ್ಲೇ ಹೋಗುತ್ತಾ ಗುಂಡನ್ನು ಮೆಲ್ಲಗೆ ಇಳಿಸಿ. ತಳ ತಾಗಿದೊಡನೆ ರಾಟೆಯ ತೋಳಿನ ತುದಿ ಪುಟಿಯುತ್ತದೆ, ತಂತಿ ಕ್ಷಣಕಾಲ ಸಡಿಲವಾಗುತ್ತದೆ. ಆಗ ಮೀಟರ್ ಓದಿ. 118 ತೋರಿಸಿದರೆ ಆ ವೇಗಕ್ಕೆ, ಆ ಆಳಕ್ಕೆ 18 ಅಡಿ ವ್ಯತ್ಯಾಸ. ಬರೆದಿಟ್ಟುಕೊಳ್ಳಿ. ಬಂಡೆಯ ತಳದಲ್ಲಿ ಈ ಪ್ರಯೋಗ ಬೇಡ.

5. ವೇಗ. ಜಿಪಿಎಸ್ ನೋಡಿ ಎಂಜಿನ್ ಹೊಂದಿಸಬೇಡಿ. ಸೆಳೆತಕ್ಕೆ ಎದುರಾಗಿ ಹೋಗುವಾಗ ಅದು 1 ನಾಟ್ ಎನ್ನುತ್ತಿದ್ದರೂ ಗಾಳ ನೀರಿನಲ್ಲಿ 3 ನಾಟ್ ವೇಗದಲ್ಲಿ ಓಡುತ್ತಿರಬಹುದು. ಮೇಲಿನ ನೀರೂ ಕೆಳಗಿನ ನೀರೂ ಬೇರೆ ಬೇರೆ ದಿಕ್ಕಿಗೆ ಹರಿಯುವುದುಂಟು. ಇದನ್ನೆಲ್ಲ ಒಟ್ಟಾಗಿ ಹೇಳುವುದು ತಂತಿಯ ಓರೆ ಮಾತ್ರ. ಮೀನು ಕಚ್ಚಿದಾಗ ಓರೆ ಎಷ್ಟಿತ್ತೋ ಅಷ್ಟನ್ನೇ ಕಾಪಾಡಿಕೊಳ್ಳಿ.

6. ಫ್ಲ್ಯಾಶರ್ (ತಿರುಗುತ್ತಾ ಮಿನುಗಿ ಮೀನನ್ನು ಸೆಳೆಯುವ ಪಟ್ಟಿ), ಹೂಚಿ (ಸ್ಕ್ವಿಡ್ ಆಕಾರದ ಪ್ಲಾಸ್ಟಿಕ್ ಆಮಿಷ), ಮುಳ್ಳಿಲ್ಲದ ಕೊಕ್ಕೆ ಕಟ್ಟಿ, ಗುಂಡಿನಿಂದ 15–25 ಅಡಿ ಹಿಂದಕ್ಕೆ ಬಿಡಿ. ಪರವಾನಗಿಯನ್ನೂ ಆ ದಿನಕ್ಕೆ, ಆ ಜಾಗಕ್ಕೆ ಅನ್ವಯಿಸುವ ನಿಯಮವನ್ನೂ ಹೊರಡುವ ಮುನ್ನವೇ ನೋಡಿಕೊಳ್ಳಿ.

ತಿರುಗುವಾಗ ಎಚ್ಚರ: ಒಳಬದಿಯ ಗುಂಡಿನ ವೇಗ ಇಳಿದು, ತಂತಿ ನೆಟ್ಟಗಾಗಿ, ಗುಂಡು ಸರಕ್ಕನೆ ಕೆಳಗೆ ಬೀಳುತ್ತದೆ. ಬಂಡೆಗೆ ಸಿಕ್ಕಿಕೊಳ್ಳುವುದು ಹೆಚ್ಚಾಗಿ ಆಗಲೇ. ತಿರುಗುವ ಮೊದಲೇ ಆ ಬದಿಯ ಗುಂಡನ್ನು ಹತ್ತಿಪ್ಪತ್ತು ಅಡಿ ಮೇಲೆತ್ತಿ. ರಾಟೆಯ ಕ್ಲಚ್ಚನ್ನು ಗುಂಡಿನ ಭಾರಕ್ಕಿಂತ ತುಸು ಹೆಚ್ಚಿನ ಎಳೆತಕ್ಕೆ ಜಾರುವಷ್ಟು ಮಾತ್ರ ಬಿಗಿಯಿರಿ. ಸಿಕ್ಕಿಕೊಂಡರೆ ತಕ್ಷಣ ಎಂಜಿನ್ ನ್ಯೂಟ್ರಲ್‌ಗೆ ತಂದು ತಂತಿ ಬಿಡಿ. ಸೆಳೆತ ದೋಣಿಯ ಹಿಂಬದಿಯನ್ನು ನೀರಿಗೆ ಜಗ್ಗುತ್ತಿದ್ದರೆ ಗುಂಡಿನ ಆಸೆ ಬಿಟ್ಟು ತಂತಿ ಕತ್ತರಿಸಿ. ಕತ್ತರಿಸುವ ಇಕ್ಕಳ ಪೆಟ್ಟಿಗೆಯಲ್ಲಿ ಇದ್ದರೆ ಸಾಲದು, ರಾಟೆಯ ಪಕ್ಕದಲ್ಲೇ ತೂಗುಹಾಕಿರಬೇಕು.