ಎಕ್ಸ್‌ಬಾಕ್ಸ್ 360ರಲ್ಲಿ ಕೆಂಪು ದೀಪವೇ? ಟವೆಲ್ ಸುತ್ತುವ ಮುಂಚೆ ಇದನ್ನು ಓದಿ

ಸ್ಕ್ರೂಡ್ರೈವರ್ ಆಮೇಲೆ. ಮೊದಲು ಈ ಗೇಮ್ ಕನ್ಸೋಲ್‌ನ ಪವರ್ ಬಟನ್ ಸುತ್ತ ಎಷ್ಟು ಕೆಂಪು ದೀಪ ಉರಿಯುತ್ತಿದೆ ಎಂದು ಎಣಿಸಿ. ನಾಲ್ಕೂ ಕೆಂಪಾದರೆ ಟಿವಿ ಕೇಬಲ್ ಸರಿಯಾಗಿ ಕೂತಿಲ್ಲ ಅಷ್ಟೇ, ಕಿತ್ತು ಮತ್ತೆ ಹಾಕಿ. ಎಡಗಡೆಯ ಎರಡು ಬಂದರೆ ಒಳಗೆ ಬಿಸಿ ಜಾಸ್ತಿಯಾಗಿದೆ, ಇದನ್ನು ಮನೆಯಲ್ಲೇ ಸರಿಮಾಡಬಹುದು. ಮೂರು ಬಂದರೆ ಅದೇ ಕುಖ್ಯಾತ ರೆಡ್ ರಿಂಗ್, ಅಂದರೆ ಒಳಗಿನ ಹಾರ್ಡ್‌ವೇರ್ ಕೆಟ್ಟಿದೆ. ಈ ಲೆಕ್ಕ 2005ರಲ್ಲಿ ಬಂದ ದಪ್ಪ ಮಾಡೆಲ್‌ಗೆ ಮಾತ್ರ, 2010ರ ಸ್ಲಿಮ್‌ಗೆ ಅಲ್ಲ.

ಮೂರು ದೀಪ ಬಂದಾಗ ಮೆಷಿನ್‌ಗೆ ಟವೆಲ್ ಸುತ್ತಿ ಸ್ವಲ್ಪ ಹೊತ್ತು ಆನ್ ಇಡಿ, ಸರಿಹೋಗುತ್ತದೆ ಎಂದು ಯಾರಾದರೂ ಹೇಳಿಯೇ ಹೇಳುತ್ತಾರೆ. ಬೇಡ. ಪದೇ ಪದೇ ಕಾದು ಆರಿ ಚಿಪ್‌ನ ಒಳಗಿನ ಸಣ್ಣ ಜೋಡಣೆಗಳೇ ಬಿರುಕು ಬಿಡುತ್ತವೆ ಎಂದು 2021ರಲ್ಲಿ ಮೈಕ್ರೋಸಾಫ್ಟ್‌ನವರೇ ಹೇಳಿದ್ದಾರೆ. ಬಿಸಿ ಮಾಡಿದರೆ ಅವು ಒಂದಿಷ್ಟು ದಿನ ಮುಟ್ಟಿಕೊಂಡಿರುತ್ತವೆ, ಮತ್ತೆ ಬಿಡುತ್ತವೆ. ಕಂಪನಿಯೇ 2007ರಲ್ಲಿ ವಾರಂಟಿಯನ್ನು 3 ವರ್ಷಕ್ಕೆ ಏರಿಸಿ 100 ಕೋಟಿ ಡಾಲರ್‌ಗಿಂತ ಹೆಚ್ಚು ಹಣ ತೆಗೆದಿಡಬೇಕಾಯಿತು ಅಂದರೆ ಇದು ಟವೆಲ್‌ಗೆ ಬಗ್ಗುವ ರೋಗ ಅಲ್ಲ ಅಲ್ವಾ?

ಇನ್ನು ಪವರ್ ಅಡಾಪ್ಟರ್. ಆ ಇಟ್ಟಿಗೆಯಂಥ ಡಬ್ಬಿಗೂ ಒಳಗೊಂದು ಫ್ಯಾನ್ ಇದೆ. ಕನ್ಸೋಲ್ ಆನ್ ಇದ್ದಾಗ ಅದರ ದೀಪ ಹಸಿರಿರಬೇಕು. ಕೆಂಪಾದರೆ ಪ್ಲಗ್ ಕಿತ್ತು ಆರಲು ಬಿಡಿ, ಕಾರ್ಪೆಟ್ ಮೇಲಿದ್ದರೆ ಬರೀ ನೆಲದ ಮೇಲಿಡಿ. ಅದನ್ನು ಮಾತ್ರ ಬಿಚ್ಚಬೇಡಿ, ಒಳಗೆ ಮೇನ್ಸ್ ಕರೆಂಟ್ ಇರುತ್ತದೆ.

ಈಗ ಬಿಚ್ಚೋಣ. ಎಲ್ಲ ವೈರ್ ತೆಗೆಯಿರಿ, ಹಾರ್ಡ್ ಡಿಸ್ಕ್ ಕಳಚಿ. ಟಿ10 ಮತ್ತು ಟಿ8 ಟಾರ್ಕ್ಸ್ (ನಕ್ಷತ್ರ ಆಕಾರದ ತುದಿಯ) ಸ್ಕ್ರೂಡ್ರೈವರ್ ಬೇಕು. ಮುಂದಿನ ಫಲಕ ಎಳೆದರೆ ಬರುತ್ತದೆ, ಆಮೇಲೆ ಎರಡೂ ಬದಿಯ ಜಾಲರಿ, ಹಿಂದಿನ ಕ್ಲಿಪ್‌ಗಳು, ಕೆಳಗಿನ ಉದ್ದದ ಸ್ಕ್ರೂಗಳು. ಹಿಂದಿನ ಕ್ಲಿಪ್‌ಗಳೇ ಎಲ್ಲಕ್ಕಿಂತ ಸತಾಯಿಸುವುದು. ಡಿವಿಡಿ ಡ್ರೈವ್ ಎತ್ತಿ, ಹಿಂದಿನ ಎರಡು ಕೇಬಲ್ ಬಿಡಿಸಿ. ಬಿಳಿ ಪ್ಲಾಸ್ಟಿಕ್ ಗಾಳಿಕೊಳವೆಯನ್ನೂ ತೆಗೆಯಿರಿ.

ಎರಡೇ ದೀಪದ ತೊಂದರೆಯಾದರೆ ಎಷ್ಟೋ ಸಲ ಇಲ್ಲಿಗೇ ಕೆಲಸ ಮುಗಿಯುತ್ತದೆ. ಫ್ಯಾನ್ ತಿರುಗದಂತೆ ಬೆರಳಲ್ಲಿ ಹಿಡಿದು, ಮೆತ್ತನೆ ಬ್ರಷ್‌ನಿಂದ ಫ್ಯಾನ್ ಮತ್ತು ಹೀಟ್‌ಸಿಂಕ್ (ಚಿಪ್‌ನ ಬಿಸಿ ಹೀರುವ ಲೋಹದ ಭಾಗ) ಸಂದಿನ ಧೂಳು ತೆಗೆಯಿರಿ. ವ್ಯಾಕ್ಯೂಮ್ ಕ್ಲೀನರ್ ಬೇಡ, ಸ್ಟ್ಯಾಟಿಕ್ ಕರೆಂಟ್ ಬೋರ್ಡ್‌ಗೆ ಒಳ್ಳೆಯದಲ್ಲ.

ಧೂಳು ತೆಗೆದರೂ ಬಿಸಿ ಇಳಿಯದಿದ್ದರೆ ಥರ್ಮಲ್ ಪೇಸ್ಟ್, ಅಂದರೆ ಚಿಪ್‌ನ ಬಿಸಿಯನ್ನು ಹೀಟ್‌ಸಿಂಕ್‌ಗೆ ದಾಟಿಸುವ ಲೇಪ, ಬದಲಿಸಬೇಕು. ಬೆಂಗಳೂರಿನವರಿಗೆ ಎಸ್‌ಪಿ ರಸ್ತೆಯಲ್ಲಿ ಪೇಸ್ಟ್ ಸಿಗುತ್ತದೆ. ಮದರ್‌ಬೋರ್ಡ್ ಹೊರತೆಗೆದು ಮಗುಚಿದರೆ ಎಕ್ಸ್ ಆಕಾರದ ಎರಡು ಲೋಹದ ಹಿಡಿಗಳು ಕಾಣುತ್ತವೆ. ಹೀಟ್‌ಸಿಂಕ್‌ಗಳನ್ನು ಚಿಪ್‌ಗೆ ಒತ್ತಿ ಹಿಡಿದಿರುವುದು ಇವೇ. ಚಪ್ಪಟೆ ಸ್ಕ್ರೂಡ್ರೈವರ್‌ನಿಂದ ಒಂದೊಂದೇ ಕಾಲನ್ನು ನಿಧಾನಕ್ಕೆ ಮೀಟಿ. ಇಲ್ಲಿ ಕೈ ಜಾರಿ ಬೋರ್ಡ್ ಮೇಲಿನ ಕರೆಂಟ್ ಹರಿಯುವ ಗೆರೆ ಕತ್ತರಿಸಿತೋ, ಕಥೆ ಮುಗಿಯಿತು, ಆದ್ದರಿಂದ ಮೀಟುವ ಜಾಗದ ಪಕ್ಕದಲ್ಲಿ ದಪ್ಪ ರಟ್ಟು ಇಟ್ಟುಕೊಳ್ಳಿ.

ಒಣಗಿದ ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ. ಹೊಸದು ಅಕ್ಕಿಕಾಳಿನಷ್ಟು ಸಾಕು. ಗ್ರಾಫಿಕ್ಸ್ ಚಿಪ್ ಮೇಲೆ ದೊಡ್ಡದೊಂದು, ಸಣ್ಣದೊಂದು ತುಂಡು ಇರುತ್ತದೆ, ಎರಡಕ್ಕೂ ಹಚ್ಚಬೇಕು. ಈ ಚಿಪ್‌ನ ಹೀಟ್‌ಸಿಂಕ್ ಡಿವಿಡಿ ಡ್ರೈವ್‌ನ ಅಡಿಯಲ್ಲಿ ಸಿಕ್ಕಿಕೊಂಡಿರುವುದರಿಂದ ಕುಳ್ಳಗಿದೆ, ಬಿಸಿ ಜಾಸ್ತಿಯಾಗುವುದೂ ಅಲ್ಲೇ. ಹಿಡಿಗಳ ಬದಲು ಬೋಲ್ಟ್ ಹಾಕುವ ಕಿಟ್ ಕೂಡ ಸಿಗುತ್ತದೆ, ಆದರೆ ಒಂದು ಸುತ್ತು ಹೆಚ್ಚು ಬಿಗಿದರೆ ಬೋರ್ಡ್ ಬಾಗುತ್ತದೆ. ನನ್ನನ್ನು ಕೇಳಿದರೆ ಹಳೆಯ ಹಿಡಿಗಳೇ ವಾಸಿ.

ಪರೀಕ್ಷಿಸುವಾಗ ಫ್ಯಾನ್ ಮತ್ತು ಡಿವಿಡಿ ಡ್ರೈವ್ ಎರಡನ್ನೂ ಜೋಡಿಸಿಯೇ ಆನ್ ಮಾಡಿ. ಡ್ರೈವ್ ಇಲ್ಲದಿದ್ದರೆ ಅದಕ್ಕೇ ಸುಮ್ನೆ ಬೇರೆ ಎರರ್ ಬರುತ್ತದೆ.

ಇಷ್ಟಾದ ಮೇಲೂ ಮೂರು ದೀಪ ಹೋಗದಿದ್ದರೆ ಹೀಟ್ ಗನ್ ಹಿಡಿಯಬೇಡಿ, ಅದೂ ಟವೆಲ್‌ನ ಅಣ್ಣನೇ. ಕಳಚಿಟ್ಟ ಹಾರ್ಡ್ ಡಿಸ್ಕನ್ನು ಇನ್ನೊಂದು ದಪ್ಪ ಮಾಡೆಲ್ 360ಗೆ ಹಾಕಿ, ಸೇವ್ ಮಾಡಿದ ಆಟಗಳು ಅಲ್ಲಿ ಸಿಗುತ್ತವೆ.